ನೆಲ ನಿಜಕ್ಕೂ ಡೊಂಕಿದೆ ಸ್ವಾಮಿ

ಹೋದ ತಿಂಗಳು ಆಫೀಸಿನ ಊಟದ ಮೇಜಿನಲ್ಲಿ ಒಂದು ಮಾತು ಬಂತು. ಹೊಸದಾಗಿ ಸೇರಿದ ಹುಡುಗನೊಬ್ಬ ಕ್ಲೋಜರ್ ಕಲಿಯೋಣ ಅಂತ ಕೂತು, ಎರಡು ದಿನ ಇಮ್ಯಾಕ್ಸ್ ಜೊತೆ ಗುದ್ದಾಡಿ, ಮೂರನೇ ದಿನ ಕೈಬಿಟ್ಟನಂತೆ. ಅದಕ್ಕೆ ನಮ್ಮ ಹಿರಿಯರೊಬ್ಬರು ಮೊಸರನ್ನಕ್ಕೆ ಉಪ್ಪಿನಕಾಯಿ ನಂಚಿಕೊಳ್ಳುತ್ತಾ, "ಎಡಿಟರ್ ಸೆಟಪ್ ಮಾಡ್ಕೊಳ್ಳೋಕೇ ಬರದವನು ಲಿಸ್ಪ್ ಕಲಿತು ಏನು ಕಡಿದು ಕಟ್ಟೆ ಹಾಕ್ತಾನೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಕ್ಕು ಸೀಟಿಗೆ ಬಂದ ಮೇಲೆ ಆ ಗಾದೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು. ಒಂದು ವೇಳೆ ನೆಲ ನಿಜಕ್ಕೂ ಡೊಂಕಾಗಿದ್ದರೆ? ಈ ಗಾದೆ ಕಟ್ಟಿದವರು ಒಂದು ಸಲವಾದರೂ ನೆಲಕ್ಕೆ ರಸಮಟ್ಟ ಇಟ್ಟು ನೋಡಿದ್ದರಾ?

ಲಿಸ್ಪ್ ಕಷ್ಟ ಅಂತ ಬಿಟ್ಟುಹೋದವರಲ್ಲಿ ನಾನು ಕಣ್ಣಾರೆ ಕಂಡ ಯಾರೂ ಲಿಸ್ಪ್‌ವರೆಗೆ ತಲುಪಿಯೇ ಇರಲಿಲ್ಲ. ಎಲ್ಲರೂ ಮುಗ್ಗರಿಸಿದ್ದು ಹೊಸ್ತಿಲಲ್ಲಿ. ಒಳಗೆ ಬಂದು ಕಾಲು ಚಾಚಿ ಕೂತಿರುವ ನಾವು ಆ ಹೊಸ್ತಿಲನ್ನು 'ಪರೀಕ್ಷೆ' ಅಂತ ಕರೀತೀವಿ. ಅದು ಪರೀಕ್ಷೆ ಅಲ್ಲ ಮಾರಾಯ್ರೆ. ಕಟ್ಟಡ ಕಟ್ಟಿದವರು ತೆಗೆಯದೆ ಬಿಟ್ಟುಹೋದ ಜಲ್ಲಿರಾಶಿ ಅದು.

ಗೊತ್ತಿಲ್ಲದವರಿಗೆ ಎರಡು ಮಾತು. ಲಿಸ್ಪ್ ಅನ್ನೋದು ಒಂದು ಭಾಷೆ ಅನ್ನೋದಕ್ಕಿಂತ ಒಂದು ಮನೆತನ. 1958ರಲ್ಲಿ ಜಾನ್ ಮೆಕಾರ್ಥಿ ಶುರುಮಾಡಿದ್ದು. ಎಲ್ಲವೂ ಆವರಣ ಚಿಹ್ನೆಯ ಒಳಗೆ. ಮಾಡಬೇಕಾದ ಕೆಲಸ ಮೊದಲು, ಮಿಕ್ಕಿದ್ದು ಆಮೇಲೆ. 'ಎರಡಕ್ಕೆ ಮೂರು ಕೂಡಿಸು' ಅಲ್ಲ, 'ಕೂಡಿಸು ಎರಡು ಮೂರು'. ಅಷ್ಟೇ ವ್ಯಾಕರಣ. ಈ ಮನೆತನದ ಕಿರಿ ಮಗಳು ಕ್ಲೋಜರ್. ರಿಚ್ ಹಿಕ್ಕಿ 2007ರಲ್ಲಿ ಇದನ್ನು ಹೊರಗೆ ಬಿಟ್ಟರು. ತವರು ಲಿಸ್ಪ್, ಗಂಡನ ಮನೆ ಜಾವಾ. ಗಂಡನ ಮನೆಯ ಆಸ್ತಿ ದೊಡ್ಡದು, ಜಾವಾದವರು ವರ್ಷಗಟ್ಟಲೆ ಬರೆದಿಟ್ಟ ಲೈಬ್ರರಿಗಳೆಲ್ಲ ಇವಳ ಕೈಗೆ ಸಿಗ್ತವೆ. ಜೊತೆಗೆ ಆ ಮನೆಯ ಒಂದು ಹಳೇ ಕಟ್ಟುಪಾಡೂ ಬಂತು, ಅದರ ಹೆಸರು ಕ್ಲಾಸ್‌ಪಾತ್. ತವರಿನಿಂದ ತಂದ ಬಳುವಳಿ ಇಮ್ಯಾಕ್ಸ್.

ಬಳುವಳಿಯ ಬಗ್ಗೆ ಮೊದಲು ಹೇಳ್ತೀನಿ. ಇಮ್ಯಾಕ್ಸ್ ಮೊದಲು ಹುಟ್ಟಿದ್ದು 1976ರಲ್ಲಿ, ಎಂಐಟಿಯಲ್ಲಿ. ಇವತ್ತು ನಾವು ಬಳಸುವ ಗ್ನೂ ಇಮ್ಯಾಕ್ಸ್ ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದಿದ್ದು. ನಿಮ್ಮ ಕೀಬೋರ್ಡಿನಲ್ಲಿ ಇಲ್ಲದ 'ಮೆಟಾ' ಅನ್ನೋ ಕೀಲಿಯನ್ನು ಒತ್ತು ಅನ್ನುತ್ತೆ. ನಾವೆಲ್ಲ ಕಟ್ ಅನ್ನೋದಕ್ಕೆ ಅದು ಕಿಲ್ ಅನ್ನುತ್ತೆ, ಪೇಸ್ಟ್‌ಗೆ ಯಾಂಕ್ ಅನ್ನುತ್ತೆ, ವಿಂಡೋಗೆ ಫ್ರೇಮ್ ಅನ್ನುತ್ತೆ. ಇದು ಇಮ್ಯಾಕ್ಸ್‌ನ ತಪ್ಪಲ್ಲ. ಈ ಪದಗಳನ್ನು ಆರಿಸುವಾಗ ಮಿಕ್ಕ ಪ್ರಪಂಚ ಇನ್ನೂ ತನ್ನ ಪದಗಳನ್ನು ಆರಿಸಿರಲಿಲ್ಲ. ಒಂದು ತಮಾಷೆ ಕೇಳಿ. 1981ರಲ್ಲಿ ಯೂನಿಕ್ಸ್‌ಗೆ ಅಂತ ಸಿ ಭಾಷೆಯಲ್ಲಿ ಒಂದು ಇಮ್ಯಾಕ್ಸ್ ಬರೆದವರು ಜೇಮ್ಸ್ ಗೋಸ್ಲಿಂಗ್. ಅದೇ ಗೋಸ್ಲಿಂಗ್ ಮುಂದೆ ಜಾವಾದ ಜನಕ ಅಂತ ಹೆಸರಾದರು. ಅಂದರೆ ಕ್ಲೋಜರ್ ಕಲಿಯುವವನ ಎರಡೂ ತಲೆನೋವುಗಳ ವಂಶವೃಕ್ಷದಲ್ಲಿ ಒಬ್ಬರೇ ಮನುಷ್ಯ ಸಿಗ್ತಾರೆ. ಶಾಪ ಹಾಕೋಕೆ ಅನುಕೂಲ.

ನಾನು ಕ್ಲೋಜರ್ ಮುಟ್ಟಿದ್ದು 2010ರಲ್ಲಿ, 1.2 ಬಂದ ಹೊಸತು. ಆಗಿನ ಪದ್ಧತಿ ಹೇಗಿತ್ತು ಅಂದರೆ, ಕ್ಲೋಜರ್‌ನ ಜಾರ್ ಫೈಲ್ ಒಂದು ಕಡೆಯಿಂದ ಇಳಿಸಿಕೊಳ್ಳಬೇಕು. ಕಾಂಟ್ರಿಬ್ ಅನ್ನೋ ಇನ್ನೊಂದು ಜಾರ್ ಬೇರೆ. ಇಮ್ಯಾಕ್ಸ್‌ಗೆ ಕ್ಲೋಜರ್ ಅಕ್ಷರಜ್ಞಾನ ಕೊಡಲು ಕ್ಲೋಜರ್-ಮೋಡ್. ಎಡಿಟರಿನಿಂದಲೇ ಓಡುತ್ತಿರುವ ಪ್ರೋಗ್ರಾಮಿನ ಜೊತೆ ಮಾತಾಡಲು ಸ್ಲೈಮ್. ಆ ಸ್ಲೈಮ್ ಕಾಮನ್ ಲಿಸ್ಪ್‌ಗೆ ಅಂತ ಮಾಡಿದ್ದು, ಆದ್ದರಿಂದ ಕ್ಲೋಜರ್ ಕಡೆಗೊಬ್ಬ ದುಭಾಷಿ ಬೇಕು, ಅದಕ್ಕೆ ಸ್ವ್ಯಾಂಕ್-ಕ್ಲೋಜರ್. ಇವರಿಬ್ಬರೂ 4005ನೇ ಪೋರ್ಟಿನಲ್ಲಿ ಕೈಕುಲುಕಬೇಕು. ಇಮ್ಯಾಕ್ಸ್ 24 ಬರೋವರೆಗೆ, ಅಂದರೆ 2012ರವರೆಗೆ, ಪ್ಯಾಕೇಜ್ ಹಾಕುವ ವ್ಯವಸ್ಥೆ ಇಮ್ಯಾಕ್ಸ್ ಜೊತೆಗೇ ಬರ್ತಿರಲಿಲ್ಲ. ಒಂದೊಂದೇ ಫೈಲನ್ನು ಇಳಿಸಿ, ಒಂದು ಫೋಲ್ಡರಿನಲ್ಲಿಟ್ಟು, ಡಾಟ್ ಇಮ್ಯಾಕ್ಸ್ ಅನ್ನೋ ಕಡತದಲ್ಲಿ 'ಇಗೋ ಇಲ್ಲಿದೆ' ಅಂತ ಕೈಯಾರೆ ಬರೆಯಬೇಕು. ಆ ಕಡತ ಬರೆಯಬೇಕಾದ್ದು ಯಾವ ಭಾಷೆಯಲ್ಲಿ? ಲಿಸ್ಪ್‌ನಲ್ಲಿ. ಲಿಸ್ಪ್ ಕಲಿಯೋಕೆ ಬಂದವನು ಮೊದಲು ಇನ್ನೊಂದು ಲಿಸ್ಪ್‌ನಲ್ಲಿ ಅರ್ಜಿ ಬರೆದುಕೊಡಬೇಕು!

ನಾನಿದನ್ನೆಲ್ಲ ಮಾಡಿದೆ. ಮಾಡಿದೆ ಅಂತ ವರ್ಷಗಟ್ಟಲೆ ಹೇಳ್ಕೊಂಡು ತಿರುಗಿದೆ ಕೂಡ. ಪೂರ್ತಿ ನಿಜ ಏನಂದರೆ, ಪಕ್ಕದ ಸೀಟಿನಲ್ಲಿ ಒಬ್ಬರಿದ್ದರು. ಆಗಲೇ ಹತ್ತು ವರ್ಷ ಇಮ್ಯಾಕ್ಸ್ ಬಳಸಿದ್ದವರು. ಒಂದು ಸಂಜೆ ಕುರ್ಚಿ ಎಳೆದುಕೊಂಡು ಕೂತರು, ತಮ್ಮ ಡಾಟ್ ಇಮ್ಯಾಕ್ಸ್ ಕಡತ ನನ್ನ ಯಂತ್ರಕ್ಕೆ ಹಾಕಿದರು, ಕ್ಲಾಸ್‌ಪಾತ್ ಇರುವ ಒಂದು ಶೆಲ್ ಸ್ಕ್ರಿಪ್ಟ್ ಬರೆದುಕೊಟ್ಟರು. ನಾನು ಸ್ಟ್ರಿಂಗ್ ಒಂದರೊಳಗೆ 'ನಮಸ್ಕಾರ' ಅಂತ ಕನ್ನಡದಲ್ಲಿ ಹೊಡೆದು ಸ್ಲೈಮ್‌ಗೆ ಕಳಿಸಿದರೆ ಅದು ಒಪ್ಪಲಿಲ್ಲ. ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ ಹಿಡಿಸುವ ಲ್ಯಾಟಿನ್-ಒಂದು ಅನ್ನೋ ಸಂಕೇತಕ್ರಮ ಅದರ ಮೂಲ ಸ್ಥಿತಿ. ಯುಟಿಎಫ್-ಎಂಟು ಬಳಸು ಅಂತ ಒಂದೇ ಒಂದು ಸಾಲು ಸೇರಿಸಬೇಕಿತ್ತು. ಆ ಸಾಲು ಅವರಿಗೆ ಬಾಯಿಪಾಠ ಇತ್ತು, ಮೂವತ್ತು ಸೆಕೆಂಡಿನಲ್ಲಿ ಕೆಲಸ ಆಯಿತು. ಅವರಿಲ್ಲದಿದ್ದರೆ? ಕನ್ನಡ ಹೊಡೆದಿದ್ದೇ ನನ್ನ ತಪ್ಪು ಅಂದುಕೊಂಡು ಇಂಗ್ಲಿಷಿಗೆ ವಾಪಸ್ ಹೋಗ್ತಿದ್ದೆ, ಗ್ಯಾರಂಟಿ.

ನನ್ನ 'ಸ್ವಂತ ಸಾಧನೆ' ಅನ್ನೋದು ಪಕ್ಕದ ಸೀಟಿನವರ ಒಂದು ಸಂಜೆ.

ಸರಿ, ಈಗ ಈ ಡೊಂಕು ಎಲ್ಲಿದೆ ಅಂತ ತೋರಿಸ್ತೀನಿ. ತಾಂತ್ರಿಕ ಮಾತು ಬೇಡ ಅನ್ನೋರು ಸ್ವಲ್ಪ ಸಹಿಸಿಕೊಳ್ಳಿ, ಯಾಕೆಂದರೆ ಜಗಳ ಇರೋದೇ ಇಲ್ಲಿ.

ಹೊಸಬನ ಮುಂದೆ ಇರೋದು ಮೂರು ದಾರಿಪಟ್ಟಿಗಳು. ಮೂರಕ್ಕೂ ಹೆಸರಿನಲ್ಲಿ 'ಪಾತ್' ಇದೆ. ಮೂರರ ನಿಯಮವೂ ಬೇರೆ. ಮೊದಲನೆಯದು ಕಂಪ್ಯೂಟರಿನ ಪಾತ್: ಜಾವಾ ಎಲ್ಲಿದೆ, ಲೈನಿಂಗೆನ್ ಎಲ್ಲಿದೆ ಅಂತ ಟರ್ಮಿನಲ್ ಹುಡುಕುವ ಪಟ್ಟಿ. ಎರಡನೆಯದು ಇಮ್ಯಾಕ್ಸ್‌ನ ಲೋಡ್-ಪಾತ್. ಮೂರನೆಯದು ಜಾವಾದ ಕ್ಲಾಸ್‌ಪಾತ್. ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ಹೊಡೆದರೆ ಲೈನಿಂಗೆನ್ ಓಡುತ್ತೆ, ಇಮ್ಯಾಕ್ಸ್‌ನ ಚಿತ್ರದ ಮೇಲೆ ಕ್ಲಿಕ್ ಮಾಡಿ ತೆರೆದರೆ ಅದೇ ಲೈನಿಂಗೆನ್ ಸಿಗೋದಿಲ್ಲ. ಯಾಕಂದರೆ ಹಾಗೆ ತೆರೆದ ಇಮ್ಯಾಕ್ಸ್‌ಗೆ ನಿಮ್ಮ ಶೆಲ್‌ನ ಪಟ್ಟಿ ಗೊತ್ತಾಗೋದೇ ಇಲ್ಲ. ಇನ್ನು ಲೋಡ್-ಪಾತ್‌ಗೆ ನೀವು ಫೈಲ್ ಇರುವ ಫೋಲ್ಡರನ್ನೇ ಕೊಡಬೇಕು, ಅದು ಒಳಗಿನ ಫೋಲ್ಡರಿಗೆ ಇಳಿಯೋದಿಲ್ಲ. ಕ್ಲಾಸ್‌ಪಾತ್‌ಗೆ ತದ್ವಿರುದ್ಧ: ಫೈಲ್ ಇರುವ ಫೋಲ್ಡರ್ ಕೊಟ್ಟರೆ ತಪ್ಪು, ನೇಮ್‌ಸ್ಪೇಸ್ ಎಲ್ಲಿಂದ ಶುರುವಾಗುತ್ತೋ ಆ ಬೇರಿನ ಫೋಲ್ಡರ್ ಕೊಡಬೇಕು. ಒಂದನ್ನು ಕಲಿತ ಬುದ್ಧಿವಂತ ಅದೇ ಬುದ್ಧಿಯಿಂದ ಇನ್ನೊಂದರಲ್ಲಿ ಬೀಳ್ತಾನೆ. ಬಿದ್ದಾಗ ಮೂರರಲ್ಲಿ ಯಾವುದು ಬೀಳಿಸಿತು ಅಂತ ಹೇಳುವ ದಿಕ್ಕು ಇಲ್ಲ.

ಕ್ಲಾಸ್‌ಪಾತ್ ಅನ್ನೋದು ದೊಡ್ಡ ಬ್ರಹ್ಮವಿದ್ಯೆ ಏನಲ್ಲ. ಅಡುಗೆಮನೆ ಅಂದ್ಕೊಳ್ಳಿ. ಜಾವಾ ಅನ್ನೋದು ಹೊಸದಾಗಿ ಬಂದ ಅಡುಗೆಯವನು: ವಿಪರೀತ ವಿಧೇಯ, ತಲೆ ಓಡಿಸೋದಿಲ್ಲ. 'ಸಾರಿನ ಪುಡಿ ತಗೋ' ಅಂದರೆ ನೀವು ಬರೆದುಕೊಟ್ಟ ಚೀಟಿಯಲ್ಲಿರುವ ಜಾಗಗಳಲ್ಲಿ, ಬರೆದ ಕ್ರಮದಲ್ಲೇ ಹುಡುಕ್ತಾನೆ. ಮೊದಲು ಸಿಕ್ಕಿದ್ದನ್ನು ತಗೋತಾನೆ, ಅದು ಹೋದ ವರ್ಷದ್ದಾದರೂ ಸರಿ. ಚೀಟಿಯಲ್ಲಿಲ್ಲದ ಕಡೆ ಕಣ್ಣೆದುರಿಗೇ ಡಬ್ಬ ಇದ್ದರೂ ಮುಟ್ಟೋದಿಲ್ಲ. ಆ ಚೀಟಿಯೇ ಕ್ಲಾಸ್‌ಪಾತ್. ಜಾರ್ ಅಂದರೆ ಭರಣಿ ಇದ್ದ ಹಾಗೆ. 'ಅಟ್ಟದ ಮೇಲೆ ನೋಡು' ಅಂತ ಬರೆದರೆ ಅಟ್ಟದ ಮೇಲೆ ಬಿಡಿಯಾಗಿ ಇಟ್ಟಿದ್ದನ್ನು ನೋಡ್ತಾನೆ, ಭರಣಿಯ ಮುಚ್ಚಳ ತೆಗೆಯೋದಿಲ್ಲ. ಪ್ರತಿ ಭರಣಿಯ ಹೆಸರನ್ನೂ ಬೇರೆ ಬೇರೆ ಬರೆಯಬೇಕು. ಜಾವಾ 6 ಬಂದ ಮೇಲಷ್ಟೇ 'ಈ ಅಟ್ಟದ ಎಲ್ಲ ಭರಣಿ' ಅಂತ ಒಂದು ನಕ್ಷತ್ರ ಚಿಹ್ನೆ ಹಾಕಿ ಹೇಳೋಕೆ ಸಾಧ್ಯವಾಯಿತು. ಚೀಟಿಯಲ್ಲಿ ಎರಡು ಜಾಗದ ನಡುವೆ ಲಿನಕ್ಸ್, ಮ್ಯಾಕ್‌ನಲ್ಲಿ ಕೋಲನ್ ಹಾಕಬೇಕು, ವಿಂಡೋಸ್‌ನಲ್ಲಿ ಸೆಮಿಕೋಲನ್. ವಿಂಡೋಸ್‌ನವನು ಬರೆದ ಸಾಲನ್ನು ಲಿನಕ್ಸ್‌ನಲ್ಲಿ ಅಂಟಿಸಿದರೆ ಶೆಲ್ ಆ ಸೆಮಿಕೋಲನ್ ಕಂಡು ಸಾಲನ್ನೇ ಎರಡು ತುಂಡು ಮಾಡುತ್ತೆ. ಆಗ ಬರುವ ದೋಷಸಂದೇಶಕ್ಕೂ ಕ್ಲಾಸ್‌ಪಾತ್‌ಗೂ ಸಂಬಂಧವೇ ಕಾಣೋದಿಲ್ಲ.

ಇನ್ನೊಂದು ಬಲೆ ಇದೆ, ಇದರಲ್ಲಿ ಬೀಳದವರನ್ನು ನಾನು ನೋಡಿಲ್ಲ. ಕ್ಲೋಜರ್ ಓಡಿಸಲು ಅತಿ ಸುಲಭ ದಾರಿ 'ಮೈನಸ್ ಜಾರ್' ಅಂತ ಹೇಳಿ ಕ್ಲೋಜರ್ ಜಾರ್ ಹೆಸರು ಕೊಡೋದು. ರೆಪಲ್ ಬರುತ್ತೆ, ಕೂಡಿಸು ಎರಡು ಮೂರು ಅಂದರೆ ಐದು ಅನ್ನುತ್ತೆ, ಖುಷಿ. ಆಮೇಲೆ ನಿಮ್ಮದೇ ಫೈಲ್ ಸೇರಿಸೋಣ ಅಂತ ಅದೇ ಸಾಲಿಗೆ ಕ್ಲಾಸ್‌ಪಾತ್ ಅಂಟಿಸ್ತೀರಿ. ಏನೂ ಆಗೋದಿಲ್ಲ. ಮೈನಸ್ ಜಾರ್ ಅಂದ ತಕ್ಷಣ ಜಾವಾ ನೀವು ಕೊಟ್ಟ ಕ್ಲಾಸ್‌ಪಾತನ್ನು ಸದ್ದಿಲ್ಲದೆ ಕಸದಬುಟ್ಟಿಗೆ ಹಾಕುತ್ತೆ. ಒಂದು ಎಚ್ಚರಿಕೆ ಇಲ್ಲ, ಒಂದು ಕೆಮ್ಮು ಇಲ್ಲ. ನೀವು ಚೀಟಿ ಕೊಟ್ಟಿರಿ, ಅವನು ತಲೆಯಾಡಿಸಿ ಜೇಬಿಗಿಟ್ಟುಕೊಂಡ, ಓದಲಿಲ್ಲ.

ಇಷ್ಟೇ. ಎರಡು ಪ್ಯಾರಾ ಆಯಿತು. ಈ ಎರಡು ಪ್ಯಾರಾವನ್ನು ನನಗೆ 2010ರಲ್ಲಿ ಯಾರೂ ಹೇಳಲಿಲ್ಲ, ಪಕ್ಕದ ಸೀಟಿನವರೂ ಹೇಳಲಿಲ್ಲ. ಅವರು ಸ್ಕ್ರಿಪ್ಟ್ ಕೊಟ್ಟರು. ನಾನೂ ಮುಂದಿನವರಿಗೆ ಹೇಳಲಿಲ್ಲ. ನಾನು ಮಾಡಿದ್ದು ಇನ್ನೂ ಕೆಟ್ಟದ್ದು.

2013ರಲ್ಲಿ ನಮ್ಮ ತಂಡಕ್ಕೆ ಒಬ್ಬಳು ಹುಡುಗಿ ಸೇರಿದಳು. ಅವಳು ಓದಿದ್ದು ತಾಲ್ಲೂಕು ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ, ಆಮೇಲೆ ಎಂಜಿನಿಯರಿಂಗ್. ಪಿಜಿಯಲ್ಲಿ ಮೂವರು ಒಂದೇ ರೂಮು. ನಾನು ಕ್ಲೋಜರ್ ಬಗ್ಗೆ ಮೈಮೇಲೆ ಬಂದವನ ಹಾಗೆ ಮಾತಾಡ್ತಿದ್ದೆನಲ್ಲ, ಕೇಳಿ ಕೇಳಿ ಅವಳಿಗೂ ಆಸೆ ಹುಟ್ಟಿತು. "ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳಿದಳು. ನಾನು ಏನು ಮಾಡಬೇಕಿತ್ತು? ಕುರ್ಚಿ ಎಳೆದುಕೊಂಡು ಒಂದು ಸಂಜೆ ಕೂರಬೇಕಿತ್ತು. ನಾನು ಮಾಡಿದ್ದು ನನ್ನ ಡಾಟ್ ಇಮ್ಯಾಕ್ಸ್ ಕಡತವನ್ನು ಮೇಲ್ ಮಾಡಿದ್ದು. ಆರುನೂರು ಚಿಲ್ಲರೆ ಸಾಲು. ಕೆಳಗೆ ಒಂದು ಸಾಲಿನ ಉಪದೇಶ: ಓದಿ ಅರ್ಥ ಮಾಡ್ಕೋ, ಅದೇ ಒಳ್ಳೆ ಪಾಠ.

ಎರಡು ವಾರಾಂತ್ಯ ಕಳೆದವು. ಸೋಮವಾರ ಬಂದು, "ಸರ್, ನನ್ನ ತಲೆಗೆ ಲಿಸ್ಪ್ ಹತ್ತೋದಿಲ್ಲ ಅನ್ಸುತ್ತೆ" ಅಂದಳು. ಬೇಜಾರು ಮಾಡ್ಕೊಂಡು ಕೂಡ ಹೇಳಲಿಲ್ಲ, ಒಂದು ವಿಷಯ ತಿಳಿಸೋ ಥರ ಹೇಳಿದಳು. ನಾನು "ಪರವಾಗಿಲ್ಲ, ಎಲ್ಲರಿಗೂ ಆಗೋದಲ್ಲ ಅದು" ಅಂದೆ. ಅಂದೆ! ಇವತ್ತಿಗೂ ಆ ವಾಕ್ಯ ನೆನಪಾದರೆ ನಾಲಗೆ ಕಚ್ಚಿಕೊಳ್ಳಬೇಕು ಅನ್ಸುತ್ತೆ.

ಕೆಲವು ತಿಂಗಳ ಮೇಲೆ ಬೇರೇನೋ ಹುಡುಕುವಾಗ ಅವಳ ಆ ಫೋಲ್ಡರ್ ಕಣ್ಣಿಗೆ ಬಿತ್ತು. ಮನೆಖರ್ಚಿನ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ. ಅವಳು ಬರೆದಿದ್ದು ನಾಲ್ಕೇ ಸಾಲು. ನಾಲ್ಕೂ ಸರಿಯಾಗಿದ್ದವು. ನೇಮ್‌ಸ್ಪೇಸಿಗೆ 'ಮನೆ-ಲೆಕ್ಕ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದಳು, ನಡುವೆ ಒಂದು ಅಡ್ಡಗೆರೆ, ಲಿಸ್ಪ್‌ನವರ ಪದ್ಧತಿಯೇ ಅದು. ಫೈಲಿಗೂ ಅದೇ ಹೆಸರು, ಅದೇ ಅಡ್ಡಗೆರೆ. ಅಲ್ಲೇ ಕೆಟ್ಟಿದ್ದು. ಜಾವಾದಲ್ಲಿ ಹೆಸರಿನೊಳಗೆ ಅಡ್ಡಗೆರೆ ನಡೆಯೋದಿಲ್ಲ, ಹಾಗಾಗಿ ಕ್ಲೋಜರ್ ಒಳಗೊಳಗೇ ಅದನ್ನು ಕೆಳಗೆರೆ ಮಾಡಿಕೊಂಡು ಹುಡುಕುತ್ತೆ. ಒಳಗೆ ಮನೆ-ಲೆಕ್ಕ, ಫೈಲಿನ ಹೆಸರು ಮಾತ್ರ ಅಂಡರ್‌ಸ್ಕೋರ್ ಇರುವ ಮನೆ_ಲೆಕ್ಕ. ಗೆರೆ ಮಧ್ಯದಲ್ಲಿತ್ತು, ಕೆಳಗಿರಬೇಕಿತ್ತು. ಅಷ್ಟೇ ಅಷ್ಟು. ಕ್ಲೋಜರ್ ಅವಳಿಗೆ ಹೇಳಿದ್ದೇನು? ಅಂಡರ್‌ಸ್ಕೋರ್‌ಗಳ ಒಂದು ಮಾಲೆ, ಅದರ ಬಾಲಕ್ಕೆ ಇನಿಟ್ ಡಾಟ್ ಕ್ಲಾಸ್, ಇಂಥದ್ದು ಕ್ಲಾಸ್‌ಪಾತ್‌ನಲ್ಲಿ ಸಿಗಲಿಲ್ಲ ಅಂತ. ಅವಳು ಕ್ಲಾಸ್‌ಪಾತ್ ತಪ್ಪಿದೆ ಅಂದುಕೊಂಡು ಅದನ್ನೇ ಎರಡು ವಾರ ತಿದ್ದಿದ್ದಾಳೆ. ಕ್ಲಾಸ್‌ಪಾತ್ ಸರಿಯಾಗೇ ಇತ್ತು.

ಸಾಲದ್ದಕ್ಕೆ ನನ್ನ ಆ ಆರುನೂರು ಸಾಲಿನ ಪಾಠಪುಸ್ತಕ ಹಳಸಿತ್ತು. ಅದರಲ್ಲಿ ಇನ್ನೂ ಸ್ವ್ಯಾಂಕ್ ಸಾಲುಗಳಿದ್ದವು. ಅಷ್ಟು ಹೊತ್ತಿಗೆ ಜನ ಸ್ವ್ಯಾಂಕ್ ಬಿಟ್ಟು ಎನ್‌ರೆಪಲ್‌ಗೆ ಹೋಗಿಯಾಗಿತ್ತು. ಅದರ ಇಮ್ಯಾಕ್ಸ್ ಕಡೆಯ ಜೊತೆಗಾರನೂ ಹೆಸರು ಬದಲಿಸಿ ಸೈಡರ್ ಆಗಿದ್ದು ಅದೇ ವರ್ಷ. ನನ್ನ ಯಂತ್ರದಲ್ಲಿ ಹಳೇ ಜಾರ್‌ಗಳು ಬಿದ್ದುಕೊಂಡಿದ್ದರಿಂದ ನನಗೆ ಎಲ್ಲ ನಡೀತಿತ್ತು, ಹೊಸ ಯಂತ್ರದಲ್ಲಿ ನಡೆಯೋಕೆ ಸಾಧ್ಯವೇ ಇರಲಿಲ್ಲ. ಹಳಸಿದ ಅನ್ನ ಬಡಿಸಿ, ಹೊಟ್ಟೆ ಕೆಟ್ಟವಳಿಗೆ ನಿನ್ನ ಜೀರ್ಣಶಕ್ತಿ ಕಮ್ಮಿ ಅಂದ ಹಾಗಾಯಿತು.

ಈಗ ವಾದಕ್ಕೆ ಬರೋಣ. ಊಟದ ಮೇಜಿನಲ್ಲಿ ನಾನಿದನ್ನು ಹೇಳಿದ್ದರೆ ಏನೇನು ಉತ್ತರ ಬರ್ತಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ಒಂದು ಕಾಲಕ್ಕೆ ಅವೆಲ್ಲ ನಾನೇ ಹೇಳಿದ ಉತ್ತರಗಳು.

ಒದ್ದಾಡಿದರೆ ತಾನೇ ಕಲಿಯೋದು ಅಂತಾರೆ. ಹೌದು ಸ್ವಾಮಿ, ಆದರೆ ಯಾವುದರ ಜೊತೆ ಒದ್ದಾಡಬೇಕು? ಸರಳೆ ವರಸೆ ಕಲಿಯೋಕೆ ಬಂದ ಮಗುವಿಗೆ ಹಲಸಿನ ದಿಮ್ಮಿ, ಉಳಿ ಕೊಟ್ಟು ಮೊದಲು ವೀಣೆ ಕೆತ್ತಿಕೊಂಡು ಬಾ ಅಂತ ಯಾವ ಮೇಷ್ಟ್ರೂ ಹೇಳೋದಿಲ್ಲ. ಕೆತ್ತೋದೂ ವಿದ್ಯೆಯೇ, ದೊಡ್ಡ ವಿದ್ಯೆ, ಬೇಡ ಅಂದವರಾರು? ಆದರೆ ಕೆತ್ತೋಕೆ ಬರದವಳಿಗೆ ಸ್ವರಜ್ಞಾನ ಇಲ್ಲ ಅಂತ ತೀರ್ಪು ಕೊಟ್ಟರೆ ಅದು ಅನ್ಯಾಯ. ಹಳ್ಳಿಯಲ್ಲಿ ಈಜು ಕಲಿಸುವಾಗ ಮಗನನ್ನು ಬಾವಿಗೆ ನೂಕಿದ ಅಪ್ಪ ಕೂಡ ಸೊಂಟಕ್ಕೆ ಹಗ್ಗ ಕಟ್ಟಿ, ತುದಿ ಕೈಯಲ್ಲಿ ಹಿಡಿದಿರ್ತಾನೆ. ನಾವು ಹಗ್ಗವನ್ನೇ ಮೇಲ್ ಮಾಡ್ತೀವಿ.

ಇದೆಲ್ಲ ಪುಕ್ಕಟೆ ಸಿಗೋದು, ಮಾಡಿದವರು ತಮ್ಮ ಬಿಡುವಿನಲ್ಲಿ ಮಾಡಿದ್ದು, ಕೇಳೋ ಹಕ್ಕು ನಿನಗೇನಿದೆ ಅನ್ನೋದು ಇನ್ನೊಂದು ಮಾತು. ನನ್ನ ಜಗಳ ಮಾಡಿದವರ ಜೊತೆ ಅಲ್ಲವೇ ಅಲ್ಲ. ಡೊಂಕು ಇದೆ ಅಂತ ಮೊದಲು ಒಪ್ಪಿಕೊಂಡವರೇ ಅವರು. ಲೈನಿಂಗೆನ್ ಹುಟ್ಟಿದ್ದು ಯಾಕೆ? ಕ್ಲಾಸ್‌ಪಾತ್ ಕೈಯಲ್ಲಿ ಬರೆದು ಸಾಕಾಗಿ ಫಿಲ್ ಹೇಗಲ್‌ಬರ್ಗ್ 2009ರಲ್ಲಿ ಅದನ್ನು ಮಾಡಿದರು. ಹೆಸರೇ ಒಂದು ಚಾಟಿ: ಜಾವಾದವರ ಹಳೇ ಸಾಧನದ ಹೆಸರು ಆ್ಯಂಟ್, ಅಂದರೆ ಇರುವೆ, ಲೈನಿಂಗೆನ್ ಅನ್ನೋದು 1938ರ ಒಂದು ಕಥೆಯಲ್ಲಿ ಇರುವೆ ದಂಡಿನ ವಿರುದ್ಧ ಹೋರಾಡುವ ತೋಟದ ಸಾಹುಕಾರ. ಅಡ್ಡಗೆರೆಯ ಕಥೆ ಹೇಳಿದೆನಲ್ಲ, ಆಮೇಲಿನ ಆವೃತ್ತಿಗಳಲ್ಲಿ ಆ ದೋಷಸಂದೇಶದ ಬಾಲಕ್ಕೆ ಒಂದು ವಾಕ್ಯ ಸೇರಿಸಿದರು: ಹೆಸರಿನಲ್ಲಿ ಅಡ್ಡಗೆರೆ ಇದ್ದರೆ ಫೈಲಿನಲ್ಲಿ ಅಂಡರ್‌ಸ್ಕೋರ್ ಇದೆಯಾ ನೋಡ್ಕೊಳ್ಳಿ ಅಂತ. ಒಂದೇ ವಾಕ್ಯ. ಅದು 2013ರಲ್ಲೇ ಇದ್ದಿದ್ದರೆ ಆ ಹುಡುಗಿಯ ಎರಡು ವಾರಾಂತ್ಯ ಎರಡು ನಿಮಿಷ ಆಗ್ತಿತ್ತು. ಹಾಗೆ ಸೇರಿಸಿದವರು ಭಾಷೆಯನ್ನು ಕೆಡಿಸಿದರಾ? ದಡ್ಡರನ್ನು ಒಳಗೆ ಬಿಟ್ಟರಾ? ಯಾರಾದರೂ ಹೇಳಿ ನೋಡೋಣ.

ಲಿಸ್ಪ್ ಅಂದಮೇಲೆ ಹೀಗೇ, ಅದರ ಸ್ವಭಾವವೇ ಅಂಥದ್ದು ಅನ್ನೋರಿಗೆ ನಾನು ತೋರಿಸೋದು ಅದೇ ಮನೆತನದ ಇನ್ನೊಬ್ಬಳನ್ನು. ರ‍್ಯಾಕೆಟ್. ಮೊದಲು ಪಿಎಲ್‌ಟಿ ಸ್ಕೀಮ್ ಅಂತ ಇತ್ತು, 2010ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಮಥಾಯಸ್ ಫೆಲೈಸನ್ ಮತ್ತವರ ತಂಡ ತೊಂಬತ್ತರ ದಶಕದಲ್ಲೇ ಪಾಠ ಹೇಳೋಕೆ ಅಂತಲೇ ಅದಕ್ಕೊಂದು ಎಡಿಟರ್ ಮಾಡಿತು. ಇವತ್ತು ಅದರ ಹೆಸರು ಡಾಕ್ಟರ್ ರ‍್ಯಾಕೆಟ್. ಇಳಿಸಿಕೊಳ್ಳಿ, ತೆರೆಯಿರಿ, ಮೇಲೆ ಬರೆಯಿರಿ, ರನ್ ಒತ್ತಿ, ಕೆಳಗೆ ಉತ್ತರ. ಪಾತ್ ಇಲ್ಲ, ಪೋರ್ಟ್ ಇಲ್ಲ. ಹೊಸಬರಿಗೆ ಅಂತ ಭಾಷೆಯ ಸಣ್ಣ ಸಣ್ಣ ಮಟ್ಟಗಳಿವೆ, ಆ ಮಟ್ಟಕ್ಕೆ ತಕ್ಕ ದೋಷಸಂದೇಶಗಳಿವೆ. ಆವರಣ ಚಿಹ್ನೆ ಅಷ್ಟೇ ಇದೆ, ಒಂದೂ ಕಮ್ಮಿ ಇಲ್ಲ. ಕಲಿಯುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಎಷ್ಟು ಸಮತಟ್ಟು ಮಾಡಬಹುದು ಅನ್ನೋಕೆ ಇದಕ್ಕಿಂತ ಪುರಾವೆ ಬೇಕಾ?

ಇಮ್ಯಾಕ್ಸ್‌ನಂಥ ಎಡಿಟರ್ ಇನ್ನೊಂದಿಲ್ಲ ಅನ್ನೋ ಮಾತು ಮಾತ್ರ ನಾನು ಒಪ್ತೀನಿ. ಪ್ಯಾರೆಡಿಟ್ ಕೈಗೆ ಹತ್ತಿದ ಮೇಲೆ ಆವರಣಗಳನ್ನು ಎಣಿಸೋದೇ ಮರೆತುಹೋಗುತ್ತೆ, ಅಕ್ಷರಗಳ ಬದಲು ಪೂರ್ತಿ ಮಾತುಗಳನ್ನೇ ಎತ್ತಿ ಎತ್ತಿ ಇಡ್ತೀರಿ. ನಾನು ಇದನ್ನು ಬರೀತಿರೋದೂ ಇಮ್ಯಾಕ್ಸ್‌ನಲ್ಲೇ. ಒಪ್ಪಿದೆ. ಆದರೆ ಅದು ಆರನೇ ತಿಂಗಳ ಸುಖ. ಮೊದಲನೇ ದಿನದ ಶುಲ್ಕ ಅಲ್ಲ.

ಈ ಶುಲ್ಕ ಕಟ್ಟೋದು ಯಾವುದರಲ್ಲಿ ಗೊತ್ತಾ? ಹೊತ್ತಿನಲ್ಲಿ. ವೈಟ್‌ಫೀಲ್ಡಿನಿಂದ ಒಂದೂವರೆ ಗಂಟೆ ಬಸ್ಸಿನಲ್ಲಿ ನೇತಾಡಿ ಬಂದು, ಊಟ ಮುಗಿಸಿ, ರೂಮಿನವರು ಲೈಟು ಆರಿಸು ಅನ್ನೋದರೊಳಗೆ ಸಿಗುವ ಒಂದು ಗಂಟೆ. ತಿಂಗಳಿಗೆ ನಾಲ್ಕು ಭಾನುವಾರ, ಅದರಲ್ಲಿ ಒಂದು ಊರಿಗೆ, ಒಂದು ಬಟ್ಟೆ ಒಗೆಯೋಕೆ. ಹೊತ್ತು ಇದ್ದವನಿಗೆ ಎರಡು ವಾರಾಂತ್ಯ ಹೋದರೆ ಒಂದು ತಮಾಷೆ ಕಥೆ ಸಿಗುತ್ತೆ. ಹೊತ್ತು ಇಲ್ಲದವಳಿಗೆ ಅಷ್ಟರಲ್ಲಿ ಆಸೆಯೇ ಮುಗಿದುಹೋಗುತ್ತೆ. ಪಕ್ಕದ ಸೀಟಿನಲ್ಲಿ ತಿಳಿದವರಿರೋದು, ಮನೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ಇದೇ ಕಸುಬಿನಲ್ಲಿರೋದು, ಇದೆಲ್ಲ ಯಾರಿಗಿರುತ್ತೆ, ಯಾರಿಗಿರೋದಿಲ್ಲ ಅಂತ ಒಮ್ಮೆ ನಿಮ್ಮ ತಂಡದೊಳಗೇ ಲೆಕ್ಕ ಹಾಕಿ ನೋಡಿ. ಆಮೇಲೆ ಆ 'ಪರೀಕ್ಷೆ' ಬುದ್ಧಿಯನ್ನು ಅಳೆಯುತ್ತೋ ಬೇರೇನನ್ನೋ ಅಳೆಯುತ್ತೋ ಹೇಳಿ.

ಈಗ ಕಾಲ ಬದಲಾಗಿದೆ, ಸೆಟಪ್ ಎಲ್ಲ ಸುಲಭ ಆಗಿದೆ ಅಂತಾರೆ. ಅರ್ಧ ನಿಜ. 2017ರ ಕೊನೆಯಲ್ಲಿ ಕ್ಲೋಜರ್ 1.9 ಬಂತು, ಅಲ್ಲಿಂದ ಹಳೇ ಒಂದೇ ಜಾರ್‌ನ ಉಪಾಯವೂ ಹೋಯಿತು, ಸ್ಪೆಕ್ ಅನ್ನೋ ಭಾಗ ಬೇರೆ ಜಾರ್‌ಗಳಿಗೆ ಹೋಗಿ ಒಟ್ಟು ಮೂರು ಬೇಕಾದವು. ಹಳೇ ಪುಸ್ತಕ ನೋಡಿಕೊಂಡು ಹೊಡೆದವನಿಗೆ ಮತ್ತೆ ಅದೇ 'ಕ್ಲಾಸ್‌ಪಾತ್‌ನಲ್ಲಿ ಸಿಗಲಿಲ್ಲ'. ಆದರೆ ಅದರ ಜೊತೆಗೇ ಸಿಎಲ್‌ಜೆ ಅನ್ನೋ ಪುಟ್ಟ ಆದೇಶವೂ ಬಂತು, ಚೀಟಿಯನ್ನು ಅದೇ ಬರೆದುಕೊಡುತ್ತೆ. ವಿಎಸ್ ಕೋಡ್‌ಗೆ ಕಾಲ್ವಾ ಹಾಕಿಕೊಂಡರೆ ಎಡಿಟರಿನ ಕಡೆಯ ತಲೆನೋವು ಬಹುಪಾಲು ಮುಗೀತು. ನನ್ನ ತಕರಾರು ಒಂದೇ: ಚೀಟಿ ಬಚ್ಚಿಟ್ಟರೆ ಸಾಲದು. ಎಲ್ಲ ಸರಿ ಇರೋವರೆಗೆ ಚೆಂದ. ಕೆಟ್ಟ ದಿನ ಹೊಸಬನಿಗೆ ಚೀಟಿ ಅನ್ನೋದೊಂದಿದೆ ಅಂತಲೂ ಗೊತ್ತಿರೋದಿಲ್ಲ. ಅದಕ್ಕೇ ನಾನೀಗ ಯಾರಾದರೂ ಕೇಳಿದರೆ ಮೊದಲು ಕಾಲ್ವಾ ಹಾಕಿಕೊಡ್ತೀನಿ, ಕೂಡಿಸು ಎರಡು ಮೂರು ಅನ್ನಿಸ್ತೀನಿ, ಆಮೇಲೆ ಸಿಎಲ್‌ಜೆಗೆ ಮೈನಸ್ ಎಸ್‌ಪಾತ್ ಅಂತ ಹೊಡೆಸಿ ಆ ಉದ್ದನೆ ಸಾಲನ್ನು ಪರದೆಯ ಮೇಲೆ ತೋರಿಸ್ತೀನಿ. ಲೈನಿಂಗೆನ್ ಬಳಸೋರಾದರೆ ಅದಕ್ಕೂ ಕ್ಲಾಸ್‌ಪಾತ್ ಅನ್ನೋ ಆದೇಶ ಇದೆ. ಅಟ್ಟ, ಭರಣಿ, ಚೀಟಿ. ಒಂದು ಕಾಫಿ ಕುಡಿಯೋವಷ್ಟು ಹೊತ್ತು. ಆ ಮೂರನೇ ದಿನ ಕೈಬಿಟ್ಟ ಹುಡುಗನ ಜೊತೆಗೂ ಹೋದ ವಾರ ಹೀಗೇ ಕೂತೆ. ಅವನದು ಕಂಪ್ಯೂಟರಿನ ಪಾತ್‌ನ ತೊಂದರೆ, ಮ್ಯಾಕ್‌ನದು, ಮೇಲೆ ಹೇಳಿದ್ದೇ.

ಹುಡುಗಿಗೂ ಒಂದು ಮೇಲ್ ಬರೆದೆ. ಅವಳೀಗ ಬೇರೆ ಕಂಪನಿಯಲ್ಲಿದ್ದಾಳೆ, ಪೈಥಾನ್ ಬರೀತಾಳೆ. ಗೆರೆಯ ವಿಷಯ ಹೇಳಿದೆ. "ಓ, ಅಷ್ಟೇನಾ" ಅಂತ ಉತ್ತರ ಬಂತು. ಅದರ ಮೇಲೆ ಇನ್ನೇನೂ ಬರೆದಿರಲಿಲ್ಲ.

ಇನ್ನು ಊಟದ ಮೇಜಿನ ಹಿರಿಯರಿಗೆ ಒಂದು ವಿನಂತಿ. ಈ ಶನಿವಾರ ಒಂದು ಖಾಲಿ ಲ್ಯಾಪ್‌ಟಾಪ್ ತಗೊಳ್ಳಿ. ನಿಮ್ಮ ಆ ಹೆಮ್ಮೆಯ ಡಾಟ್ ಇಮ್ಯಾಕ್ಸ್ ಕಡತವನ್ನು ಅದಕ್ಕೆ ಹಾಕಿ, ಯಾರನ್ನೂ ಕೇಳದೆ, ಮೊದಲ ಸಾಲಿಗೆ ಉತ್ತರ ಬರೋವರೆಗೆ ಗಡಿಯಾರ ನೋಡ್ಕೊಳ್ಳಿ. ನಾನು ಹೋದ ಶನಿವಾರ ಮಾಡಿದೆ. ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು, ತೆರೆದಾಗಲೆಲ್ಲ ಕೆಳಗಡೆ ಒಂದು ಎಚ್ಚರಿಕೆ ಈಗಲೂ ಬರ್ತಿದೆ, ಅದು ಯಾವ ಪಾತ್‌ದು ಅಂತ ಇನ್ನೂ ಹುಡುಕ್ತಾ ಇದೀನಿ.